ಶಾಸಕರಿಗೆ ನಾನು ಬರೆದ ಸನ್ಮಾನ ಪತ್ರ

ನನಗೆ ಸಿಟ್ಟು ಬೇಗ ಬರುತ್ತದೆ, ನಿಧಾನವಾಗಿ ಹೋಗುತ್ತದೆ. ಈ ಸಿಟ್ಟಂತೂ ಹೋಗಿಯೇ ಇಲ್ಲ.

ಸೈಪ್ರೆಸ್ ಎಂಬ ಅಮೆರಿಕದ ಊರಿನಲ್ಲಿ ನಮ್ಮ ಮನೆಯಿಂದ ಮೂರನೇ ಮನೆಗೆ ಆಡಲು ಹೋಗಿದ್ದ ನನ್ನ ಮಗಳಿಗೆ ಅಲ್ಲಿನ ಗೆಳತಿ ತನ್ನಪ್ಪನ ಪಿಸ್ತೂಲು ತೋರಿಸಿದಳು. ಅದು ಮಂಚದ ಪಕ್ಕದ ಡ್ರಾಯರಿನಲ್ಲಿತ್ತು, ಬೀಗ ಇರಲಿಲ್ಲ. ಗುಂಡು ಮಗಳ ಬಲಭುಜ ಹೊಕ್ಕಿತು. ಆಗ ಅವಳಿಗೆ ಹನ್ನೊಂದು ವರ್ಷ. ಈಗಲೂ ಆ ಕೈ ಎತ್ತಿ ಜಡೆ ಹಾಕಿಕೊಳ್ಳಲಾರಳು.

ನಮ್ಮ ಕ್ಷೇತ್ರದ ಶಾಸಕ ಮನೆಗೆ ಬಂದ. ಚಿತ್ರಾನ್ನ ಎರಡು ಸಲ ಹಾಕಿಸಿಕೊಂಡ. ಮಕ್ಕಳಿರುವ ಮನೆಯಲ್ಲಿ ಬಂದೂಕಿಗೆ ಬೀಗ ಕಡ್ಡಾಯ ಮಾಡುವ ಮಸೂದೆಗೆ ತಾನೇ ಮುಂದೆ ನಿಲ್ಲುತ್ತೇನೆಂದು ಮಗಳ ತಲೆ ಮುಟ್ಟಿ ಹೇಳಿದ. ನಾನು ಮೂರು ಸಲ ರಾಜ್ಯದ ರಾಜಧಾನಿ ಆಸ್ಟಿನ್‌ಗೆ ಡ್ರೈವ್ ಮಾಡಿ ಶಾಸನಸಭೆಯ ಸಮಿತಿಯ ಮುಂದೆ ಮಾತಾಡಿ ಬಂದೆ. ಟಿವಿಯಲ್ಲಿ ಒಂದು ಕಡೆಯವರು ಹಕ್ಕು ಎಂದರು, ಇನ್ನೊಂದು ಕಡೆಯವರು ಅಂಕಿಅಂಶ ಎಂದರು, ಕೊನೆಗೆ ರಾಜಿಯಾಯಿತು. ಬೀಗ ಕಡ್ಡಾಯ ಎಂಬ ಕಲಂ ಹೋಯಿತು, ಬೀಗ ಹಾಕಿದರೆ ಒಳ್ಳೆಯದು ಎಂಬ ಕರಪತ್ರ ಹಂಚುವ ಕಲಂ ಬಂತು. ಬೀಗದ ಕಲಂ ಕೈಬಿಟ್ಟವನು ಇವನೇ. ಎರಡೂ ಕಡೆಯವರನ್ನು ಒಟ್ಟುಗೂಡಿಸಿದೆ ಎಂದು ಹೇಳಿಕೊಂಡು ತಿರುಗಿದ.

ಆ ವರ್ಷದ ದೀಪಾವಳಿಗೆ ನಮ್ಮ ಕನ್ನಡ ಕೂಟ ಅವನಿಗೇ ಸನ್ಮಾನ ಇಟ್ಟಿತು. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಫ್ರೇಮ್ ಹಾಕಿಸಿದ ಸನ್ಮಾನ ಪತ್ರ. ಪತ್ರ ಬರೆಯುವುದು ಪ್ರತಿವರ್ಷ ನನ್ನ ಕೆಲಸ.

"ನಿಂಗೆ ಕಷ್ಟ ಆದ್ರೆ ಬೇರೆಯವ್ರಿಗೆ ಹೇಳ್ತೀನಮ್ಮ," ಎಂದರು ಕೂಟದ ಅಧ್ಯಕ್ಷರಾದ ಡಾಕ್ಟರ್ ಅಂಕಲ್.

"ಕಷ್ಟ ಏನಿಲ್ಲ ಅಂಕಲ್, ನಾನೇ ಬರೀತೀನಿ."

ಹೊಟ್ಟೆಯೊಳಗೆ ಬೆಂಕಿ ಇಟ್ಟುಕೊಂಡು ಬರೆದೆ. ಅಂಕಲ್ ಓದದೆಯೇ ಸಹಿ ಹಾಕಿದರು. ನಮ್ಮ ಸನ್ಮಾನ ಪತ್ರಗಳನ್ನು ಯಾರೂ ಓದುವುದಿಲ್ಲ. ಕೇಳುವುದೂ ಇಲ್ಲ. ವೇದಿಕೆಯಲ್ಲಿ ನಾನು ಗಟ್ಟಿಯಾಗಿ ಓದುವಾಗ ಸಭೆ ಆಗಲೇ ಬಿಸಿಬೇಳೆಬಾತಿನ ಸಾಲಿನಲ್ಲಿತ್ತು. ಕನ್ನಡ ಬಾರದ ಅವನು ಪೇಟ ಸರಿಮಾಡಿಕೊಂಡು ಕೈಮುಗಿದ. ಚಪ್ಪಾಳೆಯೂ ಬಿತ್ತು. ನನ್ನ ಸೇಡು ಅಲ್ಲಿಗೇ ಮುಗಿಯಿತು ಅಂದುಕೊಂಡೆ.

ಹೊಸ ಅಧಿವೇಶನ ಶುರುವಾದಾಗ, ಆ ಕಲಂ ಮತ್ತೆ ತನ್ನಿ ಎಂದು ಕೇಳಲು ಮಗಳನ್ನು ಕರೆದುಕೊಂಡು ಆಸ್ಟಿನ್‌ನ ಅವನ ಕಚೇರಿಗೆ ಹೋದೆ. ಅವನ ಕುರ್ಚಿಯ ಹಿಂದೆ, ಗೋಡೆಯ ಮೇಲೆ ಎತ್ತರದಲ್ಲಿ, ನನ್ನ ಪತ್ರ. ಸುಳ್ಳೇಕೆ ಹೇಳಲಿ, ಖುಷಿಯಾಯಿತು. ಬಂದವರಿಗೆಲ್ಲ ತೋರಿಸುತ್ತೇನೆ ಎಂದ. ಅದರಲ್ಲಿ ಏನು ಬರೆದಿದೆ ಎಂದು ಮಗಳನ್ನೇ ಕೇಳಿದ.

ಅವಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ನನ್ನತ್ತ ತಿರುಗಿದಳು. ನಾನು ಓದಿದೆ: "ಈ ಮಹನೀಯರು ನಮ್ಮ ಮನೆಯಲ್ಲಿ ಉಂಡು, ಮಗುವಿನ ತಲೆ ಮುಟ್ಟಿ ಕೊಟ್ಟ ಮಾತನ್ನು ಮತಗಳಿಗಾಗಿ ಮಾರಿದರು. ಆ ಮಾರಾಟಕ್ಕೆ ರಾಜಿ ಎಂದು ಹೆಸರಿಟ್ಟರು. ಇನ್ನು ಮುಂದೆ ಯಾವ ಮಗುವಿಗೆ ಗುಂಡು ತಗುಲಿದರೂ ಅದರಲ್ಲಿ ಇವರ ಪಾಲಿದೆ."

ಮಗಳು ಒಂದೊಂದೇ ಸಾಲನ್ನು ಇಂಗ್ಲಿಷಿನಲ್ಲಿ ಹೇಳಿದಳು, ಪಾಠ ಒಪ್ಪಿಸುವ ದನಿಯಲ್ಲಿ. ಮೊದಲ ಸಾಲಿನ ಅರ್ಧದವರೆಗೂ ಅವನು ನಗುತ್ತಲೇ ಇದ್ದ. ಕೊನೆಯ ಸಾಲಿಗೆ ಎದ್ದು ಫ್ರೇಮ್ ಇಳಿಸಲು ಬಲಗೈ ಚಾಚಿದ.

"ಬೀಗದ ಕಲಂ ತರ್ಲಿ, ಬೇರೆ ಬರ್ಕೊಡ್ತೀನಿ ಅಂತ ಹೇಳು," ಎಂದೆ.

ಹೇಳಿದಳು. ಆಮೇಲೆ ನಾನು ಹೇಳಿಕೊಡದ ಮಾತೊಂದನ್ನೂ ಸೇರಿಸಿದಳು: ನಿಮ್ಮ ಬಲಗೈ ಅಷ್ಟೆತ್ತರ ಹೋಗುತ್ತದೆ, ನನ್ನದು ಹೋಗುವುದಿಲ್ಲ.

ಅವನ ಕೈ ಅಲ್ಲೇ ನಿಂತಿತು.