ಕುನಿಗುಂಡಮ್ಮ ತುಪ್ಪಳ ಒಲ್ಲೆನೆಂದದ್ದು

ನಮ್ಮ ನ್ಯೂರೆಂಬರ್ಗ್ ಪಟ್ಟಣದ ಅರ್ಧ ಜನ ಸೂಲಗಿತ್ತಿ ಕುನಿಗುಂಡಮ್ಮನ ಕೈಯಲ್ಲೇ ಹುಟ್ಟಿದವರು. ನನ್ನ ಗಂಡ ಯೊರ್ಗನೂ, ನಮ್ಮ ಮಕ್ಕಳೂ. ಹೆರಿಗೆ ಮನೆಗೆ ಕಾಲಿಟ್ಟೊಡನೆ ಗಂಡಸರನ್ನು ಹೊರಗಟ್ಟಿ, ಒಂದು ಬಟ್ಟಲು ಬಿಸಿ ಬಿಯರ್ ಗಂಜಿ ಕೇಳುತ್ತಿದ್ದಳು. ಅವಳು ಅವಸರ ಮಾಡಿದ್ದನ್ನು ಕಂಡವರಿಲ್ಲ.

ಅವಳಿಗೆ ವಯಸ್ಸಾದಾಗ, ಸೂಲಗಿತ್ತಿಯರ ಕೈಪಿಡಿಯ ಮೊದಲ ಪುಟಕ್ಕೆ ಅವಳ ಚಿತ್ರವೇ ಬೇಕೆಂದು ನಗರಸಭೆ ಹೇಳಿತು. ತಾಮ್ರದ ತಗಡಿನ ಮೇಲೆ ಚಿತ್ರ ಕೊರೆಯುವುದು ಯೊರ್ಗನ ಕಸುಬು, ಜಿಪುಣತನ ಹುಟ್ಟುಗುಣ. ಹಳೆಯ ತಗಡೊಂದರಲ್ಲಿ ತೀರಿಹೋದ ಸಿರಿವಂತೆಯೊಬ್ಬಳ ಮುಖವನ್ನಷ್ಟೇ ಕೆರೆದು, ಅಲ್ಲಿ ಕುನಿಗುಂಡಮ್ಮನ ಮುಖ ಕೂರಿಸಿದ. ತುಪ್ಪಳದ ಕೊರಳಪಟ್ಟಿ, ಚಿನ್ನದ ಸರ, ಬೆರಳಲ್ಲಿ ಹಿಡಿದ ಕೈಗವಸು ಎಲ್ಲ ಹಾಗೇ ಉಳಿದವು. ಈ ಕಸುಬಿನವರೆಲ್ಲ ಮಾಡುವುದೇ ಅದು.

ಆದರೆ ನಮ್ಮೂರಲ್ಲಿ ಯಾರು ಏನು ತೊಡಬೇಕೆಂಬುದಕ್ಕೆ ಕಟ್ಟಳೆಯಿದೆ. ಸೂಲಗಿತ್ತಿ ತುಪ್ಪಳ ತೊಟ್ಟರೆ, ಅದು ಚಿತ್ರದಲ್ಲೇ ಆಗಲಿ, ಕೆಲಸಕ್ಕೆ ಸಂಚಕಾರ.

ಕುನಿಗುಂಡಮ್ಮ ಅಚ್ಚಾದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಯೊರ್ಗಾ, ಇದು ಮಗ್ದಲೇನಮ್ಮೋರ ತಾಯಿ ತುಪ್ಪಳ ಅಲ್ವೇನೋ?"

ಮಗ್ದಲೇನಮ್ಮನವರು ಸೂಲಗಿತ್ತಿಯರ ಮೇಲ್ವಿಚಾರಕಿ. ಚಿತ್ರವನ್ನು ಒಪ್ಪಬೇಕಾದವರೂ ಅವರೇ. ನನ್ನ ಗಂಡ ಕೆರೆದುಹಾಕಿದ್ದು ಅವರ ತಾಯಿಯ ಮುಖವನ್ನೇ!

"ಅದಿಲ್ದಿದ್ರೆ ನೀವು ದೊಡ್ಡೋರು ಅಂತ ಜನಕ್ಕೆ ಹೆಂಗೆ ಗೊತ್ತಾಗ್ಬೇಕು, ಕುನಿಗುಂಡಮ್ಮ?" ಎಂದ ನನ್ನ ಗಂಡ.

"ಈ ಊರಿನ ದೊಡ್ಡೋರನ್ನೆಲ್ಲ ಬಟ್ಟೆ ಇಲ್ದಾಗ್ಲೇ ಮೊದ್ಲು ನೋಡಿದೋಳು ನಾನು. ನಿನ್ನೂ ಸೇರಿಸಿ. ಕೆರೆದು ತೆಗಿ."

"ತಗಡು ತೂತು ಬೀಳುತ್ತೆ."

"ಬೀಳ್ಲಿ. ಹೊಸದು ತಗೊ, ಜಿಪುಣ."

ಅಂಗಿಯ ತೋಳು ಏರಿಸಿ, ಅಂಗೈಗಳನ್ನು ಮಡಿಲಲ್ಲಿ ತೆರೆದಿಟ್ಟು ಕುಳಿತಳು. ಮರ್ಯಾದಸ್ಥ ಹೆಂಗಸಿನ ಚಿತ್ರವನ್ನು ಹೀಗೆ ಬರಿಗೈ ತೋರಿಸಿ ಯಾರೂ ಕೊರೆದಿಲ್ಲವೆಂದು ಯೊರ್ಗ ಗೊಣಗಿದ.

"ನೀನೇ ಮೊದಲ್ನೆಯೋನಾಗು," ಎಂದಳು.

ಗೊಣಗುತ್ತಲೇ ಹೊಸ ತಗಡಿನಲ್ಲಿ ಕೊರೆದ. ಹೆಂಡತಿಯಾಗಿ ಹೊಗಳಬಾರದು, ಆದರೂ ಹೇಳುತ್ತೇನೆ: ಅವನು ಅಷ್ಟು ಚೆನ್ನಾಗಿ ಯಾವತ್ತೂ ಕೊರೆದಿರಲಿಲ್ಲ.

ಮಗ್ದಲೇನಮ್ಮನವರು ನೋಡಲು ಬಂದರು. ಜೊತೆಗಿದ್ದ ಗುಮಾಸ್ತ ಮೂಗು ಮುರಿದು, "ತೋಳೆಲ್ಲಾ ಕಾಣ್ತಿದೆ, ಸಭ್ಯವಾಗಿಲ್ಲ," ಅಂದ. ಅವರು ಅವನತ್ತ ತಿರುಗಲೂ ಇಲ್ಲ. ಕುನಿಗುಂಡಮ್ಮ ಗದ್ದ ಎತ್ತಿಕೊಂಡೇ ನಿಂತಿದ್ದಳು, ಬೆವರುತ್ತಿದ್ದವಳು ನಾನು. ಮಗ್ದಲೇನಮ್ಮನವರ ಕಣ್ಣು ಚಿತ್ರದ ಮುಖ ದಾಟಿ ಕೈಗಳ ಮೇಲೆ ನಿಂತಿತು.

"ಸತ್ತು ಹುಟ್ಟಿದ ನನ್ನ ಕೂಸುಗಳನ್ನ ಎತ್ಕೊಂಡಿದ್ದು ಈ ಕೈಗಳು ಮಾತ್ರ," ಎಂದರು. "ಮುಚ್ಚಬೇಡಿ. ಹೀಗೇ ಅಚ್ಚಾಗ್ಲಿ."