ಹವಾಯಿ ಚಪ್ಪಲಿಗೆ ಅರಿಶಿಣ

ಸಂಜೆ ಆರು ನಲವತ್ತಕ್ಕೆ ನಾನು ಚಪ್ಪಾಳೆ ಹೊಡೆದೆ. ವೇದಿಕೆಯ ಮೇಲೆ ನನ್ನ ತಂಗಿಗೆ ಕರೆಂಟ್ ಹೊಡೆಯುತ್ತಿತ್ತು.

ಇಷ್ಟನ್ನೇ ಹೇಳಿದರೆ ರಾಕ್ಷಸಿ ಎನಿಸಿಕೊಳ್ಳುತ್ತೇನೆ. ತಂಗಿ ಜಾಝ್ ಗಾಯಕಿ. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ನನ್ನ ಜೊತೆಗಿದ್ದಾಳೆ; ಅಜ್ಜಿಯ ಕಾಲದ ಸಿನಿಮಾ ಹಾಡುಗಳನ್ನು ಜಾಝಿನ ಧಾಟಿಗೆ ತಿರುಗಿಸಿ ಊರೂರಲ್ಲಿ ಹಾಡುತ್ತಾಳೆ. ತಾಳವನ್ನು ಕೊಂಚ ತಡವಾಗಿ ಹಿಡಿಯುತ್ತಾಳೆ, ನಡುವೆ ಅರ್ಥವಿಲ್ಲದ ‘ದೂಬಿ ದಾಬಾ’ ಸೇರಿಸುತ್ತಾಳೆ, ಒಮ್ಮೊಮ್ಮೆ ಒಂದೇ ಸ್ವರ ಹಿಡಿದು ಮೈಯೆಲ್ಲ ನಡುಗಿಸುತ್ತಾಳೆ. ಆ ಹಾಡುಗಳನ್ನು ಕಲಿಸಿದ್ದು ಸಿರುಗುಪ್ಪದ ನಮ್ಮ ಅಜ್ಜಿ. ರೇಡಿಯೋದಲ್ಲಿ ಕೇಳಿದ್ದನ್ನು ಅಕ್ಕಿ ಆರಿಸುತ್ತ ಹೇಳಿಕೊಟ್ಟವಳು. “ಹಾಡು ನಂದು, ಹುಚ್ಚು ಆಕೀದು” ಅನ್ನುತ್ತಾಳೆ.

ಆ ಸಂಜೆ ತಂಗಿಯ ಕಾರ್ಯಕ್ರಮ ಕುರುಗೋಡಿನಲ್ಲಿ; ಆ ಊರಿಗೆ ಜಾಝ್ ಅದೇ ಮೊದಲು. ಬಯಲಿನಲ್ಲಿ ಕಲ್ಲು ಚಪ್ಪಡಿಯ ಕಟ್ಟೆ, ಅದರ ಮೇಲೆ ಮೈಕು. ಅವಳು ಬೂಟು ಹಾಕಿಕೊಂಡೇ ಮೆಟ್ಟಿಲಿಗೆ ಕಾಲಿಟ್ಟಳು. ಮುಂದಿನ ಸಾಲಿನಿಂದ ಅಜ್ಜಿ ಗದರಿದಳು.

“ಏ ಹುಡುಗೀ, ಹಾಡೋ ಜಾಗಕ್ಕ ಕೆರ ಹಾಕ್ಕೊಂಡು ಹತ್ತತಾರೇನು?”

“ಜಾಝಿನಾಗ ನಡೀತೈತಿ ಅಜ್ಜಿ.”

“ಕುರುಗೋಡಿನಾಗ ನಡಿಯಂಗಿಲ್ಲ.”

ತಂಗಿ ನಗುತ್ತ ಬೂಟು ಕಳಚಿದಳು. ಊರ ಹಿರಿಯರೊಬ್ಬರು ಮೈಕಿನ ಬುಡದಲ್ಲೇ ತೆಂಗಿನಕಾಯಿ ಒಡೆದರು. ನೀರು ಚಪ್ಪಡಿಯ ಮೇಲೆಲ್ಲ ಹರಿಯಿತು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಒದ್ದೆ ಕಲ್ಲು, ಬರಿಗಾಲು, ಕಬ್ಬಿಣದ ಮೈಕ್ ಕಂಬ: ಪರೀಕ್ಷೆಯಲ್ಲಿ ಕೇಳಿದ್ದರೆ ಪೂರ್ತಿ ಅಂಕ ತೆಗೆಯುತ್ತಿದ್ದೆ. ಆಗ ಮಾತ್ರ ಸುತ್ತಲಿನವರಿಗೆ ಬೇರೆಯೇ ಪಾಠ ಮಾಡುತ್ತಿದ್ದೆ.

“ಆಕಿ ಏನಾರ ವಿಚಿತ್ರ ಮಾಡಿದ್ರ ಗಾಬರಿ ಆಗಬ್ಯಾಡ್ರಿ. ಅದೇ ಜಾಝು. ಚಪ್ಪಾಳಿ ಹೊಡೀರಿ.”

ಮೊದಲ ಹಾಡನ್ನು ತಂಗಿ ಕೈಕಟ್ಟಿ ಹಾಡಿದಳು. ಎರಡನೆಯದರ ನಡುವೆ ಕಂಬ ಹಿಡಿದಳು. ದನಿ ಒಂದೇ ಸ್ವರದಲ್ಲಿ ನಿಂತಿತು, ಮೈ ನಡುಗಿತು. ಪಾಠ ಹೇಳಿದವಳೇ ಮೊದಲು ಚಪ್ಪಾಳೆ ಹೊಡೆದೆ. ಬಯಲೆಲ್ಲ ಹೊಡೆಯಿತು. “ಭಾರೀ ಐತಲೇ!” ಎಂದು ಹಿಂದೆ ಯಾರೋ ಸಿಳ್ಳೆ ಹಾಕಿದರು.

ಅಜ್ಜಿ ಎದ್ದು ನಿಂತಿದ್ದಳು. “ಅಲ್ಲಿ ಉಸಿರು ತಗೋಬೇಕು! ಆಕಿ ತಗೊಂಡಿಲ್ಲ! ಕರೆಂಟ್ ತೆಗೀರಲೇ!”

ಮೈಕ್‌ಸೆಟ್ಟಿನವನು ವೈರು ಕಿತ್ತ. ತಂಗಿ ಹಗ್ಗದಿಂದ ಜಾರಿದ ಸೀರೆಯಂತೆ ಕುಸಿದಳು. ಎಷ್ಟು ಸೆಕೆಂಡು? ನಾಲ್ಕಿರಬಹುದು. ಈಗಲೂ ಎಣಿಸುತ್ತೇನೆ, ಒಮ್ಮೊಮ್ಮೆ ಆರಾಗುತ್ತದೆ.

ಹೃದಯಕ್ಕೇನೂ ಆಗಿಲ್ಲ ಎಂದರು ಬಳ್ಳಾರಿಯ ಡಾಕ್ಟರು. ಸುಟ್ಟ ಅಂಗೈ ವಾಸಿಯಾಯಿತು, ಹಾಡು ಮಾತ್ರ ಮರಳಲಿಲ್ಲ. ಮೈಕಿರಲಿ, ಸ್ಟೀಲ್ ಲೋಟವನ್ನೂ ತಂಗಿ ಒಮ್ಮೆ ಮುಟ್ಟಿ ನೋಡಿ ಹಿಡಿಯುತ್ತಿದ್ದಳು. ನನಗೆ ದಿನವೂ ನಿದ್ದೆಯಲ್ಲಿ ಕೈ ತಟ್ಟಿದಂತಾಗಿ ಎಚ್ಚರವಾಗುತ್ತಿತ್ತು. ಎದ್ದು ಹೋಗಿ ಅವಳ ಮೂಗಿನ ಬಳಿ ಬೆರಳಿಡುತ್ತಿದ್ದೆ. “ಇನ್ನೂ ಅದೀನಿ, ಮಲಕ್ಕೋ ಅಕ್ಕಾ” ಅನ್ನುತ್ತಿದ್ದಳು.

ಎರಡು ತಿಂಗಳ ಮೇಲೆ ಕಂಟೋನ್ಮೆಂಟಿನಲ್ಲೇ ಒಂದು ಕಾರ್ಯಕ್ರಮ ನಿಗದಿಯಾಯಿತು. ಕಾರ್ಯಕ್ರಮದ ದಿನ ಮಧ್ಯಾಹ್ನ ತಂಗಿ, “ನನ್ನ ಕೈಲಿ ಆಗಂಗಿಲ್ಲ, ಬ್ಯಾಡ ಅಂತ ಹೇಳಿಬಿಡು” ಅಂದಳು. ನಾನು ಫೋನ್ ಎತ್ತಿಕೊಂಡಿದ್ದೆ. ಅಷ್ಟರಲ್ಲಿ ಸಿರುಗುಪ್ಪದ ಬಸ್ಸಿಳಿದು, ಬ್ರೂಸ್‌ಪೇಟೆಯ ಅಂಗಡಿಗಳನ್ನು ಸುತ್ತಿ, ಅಜ್ಜಿ ಬಂದಳು. ಚೀಲದಿಂದ ರಬ್ಬರಿನ ಹವಾಯಿ ಚಪ್ಪಲಿ ತೆಗೆದು ದೇವರ ಮುಂದಿಟ್ಟು, ಎರಡಕ್ಕೂ ಅರಿಶಿಣ ಹಚ್ಚಿದಳು.

“ಹಾಕ್ಕೊಂಡು ಹತ್ತು. ಹೊಸಾವು, ನೆಲಾ ಮುಟ್ಟಿಲ್ಲ.”

“ಅಜ್ಜಿ, ಚಪ್ಪಲಿಗೆ ಪೂಜೇನಾ?”

“ನಂದೂ ಒಂದು ತಪ್ಪೈತಿ. ದೇವರು ಸಿಟ್ಟಾದ್ರ ನನ್ನ ಮ್ಯಾಲೆ ಆಗ್ಲಿ. ಸ್ವಿಚ್ಚಿನ ಹತ್ರ ನಾನೇ ಕುಂದರ್ತೀನಿ.”

ಸಂಜೆ ವೇದಿಕೆಯ ಪಕ್ಕ ಹಾಗೆಯೇ ಕೂತಳು, ಬೆರಳು ಮೈಕ್‌ಸೆಟ್ಟಿನ ಸ್ವಿಚ್ಚಿನ ಮೇಲಿಟ್ಟು. ನಾನು ಟೆಸ್ಟರ್ ಹಿಡಿದು ಕಂಬವನ್ನು ಮೂರು ಸಲ ಮುಟ್ಟಿ ನೋಡಿದೆ. ರೇಷ್ಮೆ ಸೀರೆಯ ಕೆಳಗೆ ನೀಲಿ ಪಟ್ಟಿಯ ಹವಾಯಿ ತೊಟ್ಟು ತಂಗಿ ಅದೇ ಹಾಡು ಎತ್ತಿಕೊಂಡಳು. ಆ ಜಾಗ ಬಂತು. ನಿಂತಳು. ಮೈಕಿಗೆ ಕೇಳುವಷ್ಟು ಜೋರಾಗಿ ಉಸಿರೆಳೆದುಕೊಂಡು, ಕಂಬ ಹಿಡಿದು, ಮುಂದಿನ ಸಾಲಿಗೆ ಹೋದಳು.

ಆ ಉಸಿರಿಗೆ ನಾನೊಬ್ಬಳೇ ಚಪ್ಪಾಳೆ ಹೊಡೆದೆ. ಪಕ್ಕದವರು ತಿರುಗಿ ನೋಡಿದರು.

ಮರುದಿನ ಭಾನುವಾರ. ರಾತ್ರಿ ಒಮ್ಮೆಯೂ ಏಳದೆ ಮಲಗಿದ್ದ ನನಗೆ ಎಚ್ಚರವಾದಾಗ ಒಂಬತ್ತು ಗಂಟೆ. ಬಾಗಿಲಲ್ಲಿಟ್ಟ ಹಾಲು ಬಿಸಿಲಿಗೆ ಒಡೆದುಹೋಗಿತ್ತು.