ಕೆಚ್ಚಲಲ್ಲೇ ಕಳೆದುಹೋದ ಕೆನೆ

2003ರಲ್ಲಿ ನಾನು ಕೆ.ಆರ್. ಪುರದ ಕಡೆ ಸರ್ಕಾರಿ ಪಶುವೈದ್ಯೆಯಾಗಿದ್ದೆ. ದೊಡ್ಡನೆಕ್ಕುಂದಿಯ ಆಸುಪಾಸಿನ ಹೊಲಗಳೆಲ್ಲ ಲೇಔಟ್ ಆಗುತ್ತಿದ್ದವು. ಹುಲ್ಲಿಗೆ ಜಾಗವಿಲ್ಲದಿದ್ದರೂ ಅಲ್ಲಿನ ಹಳೆಯ ಮನೆಯವರು ಹಸು ಕಟ್ಟುವುದನ್ನು ಬಿಟ್ಟಿರಲಿಲ್ಲ.

ಅಂಥವರಲ್ಲಿ ಮುನಿಯಮ್ಮ ಒಬ್ಬರು. ಒಂದು ಬೆಳಿಗ್ಗೆ ಬಂದವರೇ ಹಾಲಿನ ಕ್ಯಾನನ್ನು ನನ್ನ ಮೇಜಿನ ಮೇಲೆ ಕುಕ್ಕಿದರು. ಹಾಲಿನಲ್ಲಿ ಜಿಡ್ಡು ಕಡಿಮೆಯಿದೆಯೆಂದು ಡೈರಿ ಸೊಸೈಟಿಯ ಕಾರ್ಯದರ್ಶಿ ಕ್ಯೂನಲ್ಲಿ ಎಲ್ಲರೆದುರು ಅವರನ್ನು "ಕೆನೆಗಳ್ಳಿ" ಎಂದು ಕರೆದು ವಾಪಸ್ ಕಳಿಸಿದ್ದ. ಸದಸ್ಯತ್ವವೂ ರದ್ದಾಗುವುದರಲ್ಲಿತ್ತು.

"ನಿಮ್ಮಿಬ್ರ ಮುಂದೇನೇ ಹಾಲು ಕರೀತೀನಿ, ಅವ್ನನ್ನೂ ಕರ್ಕೊಂಡ್ ಬನ್ನಿ ಡಾಕ್ಟ್ರೇ" ಎಂದರು.

ಸಂಜೆ ಸೊಸೈಟಿಗೆ ಹೋಗಿ ಕರೆದಾಗ ಕಾರ್ಯದರ್ಶಿ ನಕ್ಕ. "ಇವರ ಕಣ್ಣೀರಿಗೆಲ್ಲ ಕರಗಿದ್ರೆ ಹೆಂಗೆ ಮೇಡಂ?"

"ಆಕೆ ಎಲ್ರೀ ಅತ್ತರು? ಸಿಟ್ಟಾಗಿದಾರೆ. ನಡೀರಿ."

ಮುನಿಯಮ್ಮ ತಮ್ಮ ಕೊಟ್ಟಿಗೆಯಲ್ಲಿ ನಮ್ಮೆದುರೇ ಕೆಚ್ಚಲು ಪೂರ್ತಿ ಬರಿದಾಗುವವರೆಗೆ ಕರೆದರು. ಆ ಹಾಲನ್ನು ಅವನೇ ಪರೀಕ್ಷಿಸಿದ. ಜಿಡ್ಡು ಶೇ. 2.4. ಸೊಸೈಟಿಗೆ ಬೇಕಾದದ್ದು ಶೇ. 3.5.

"ಈಗ ಹೇಳ್ರೀ, ಕೆಚ್ಚಲೊಳಗೆ ಕೈಹಾಕಿ ಕೆನೆ ತೆಗೆದೋರು ಯಾರು?" ಎಂದೆ.

ಉತ್ತರ ಕೊಟ್ಟಿಗೆಯ ಮೂಲೆಯಲ್ಲಿತ್ತು. ಪುಲಿಕೇಶಿನಗರದ ಬೇಕರಿಗಳಿಂದ ತಂದ ಹಳೆಯ ಬ್ರೆಡ್ಡಿನ ಮೂಟೆಗಳು! ಹುಲ್ಲು ಸಿಗದೆ ಮುನಿಯಮ್ಮ ಅದನ್ನೇ ಹೊಟ್ಟೆತುಂಬ ಹಾಕುತ್ತಿದ್ದರು. ಹಾಲೇನೋ ಕಡಿಮೆಯಾಗಿರಲಿಲ್ಲ. ಆದರೆ ನಾರು ಕಡಿಮೆಯಾಗಿ ಪಿಷ್ಟ ಹೆಚ್ಚಾದರೆ ಹಸುವಿನ ಹೊಟ್ಟೆಯ ಸೂಕ್ಷ್ಮಾಣುಗಳ ಕೆಲಸವೇ ಬದಲಾಗುತ್ತದೆ. ಅವು ಬೇರೆ ಬಗೆಯ ಒಂದು ಫ್ಯಾಟಿ ಆ್ಯಸಿಡ್ ತಯಾರಿಸುತ್ತವೆ. ರಕ್ತದ ಮೂಲಕ ಕೆಚ್ಚಲು ತಲುಪಿದ ಆ ರಾಸಾಯನಿಕ, ಹಾಲು ಸ್ರವಿಸುವ ಜೀವಕೋಶಗಳಿಗೆ ಜಿಡ್ಡಿನ ತಯಾರಿಕೆ ತಗ್ಗಿಸುವಂತೆ ಸಂಕೇತ ಕೊಡುತ್ತದೆ. ಹಾಲು ಬರುತ್ತಲೇ ಇರುತ್ತದೆ, ಕೆನೆ ಮಾತ್ರ ತಗ್ಗುತ್ತದೆ. ಇದರಲ್ಲಿ ಕಳ್ಳತನ ಎಲ್ಲಿಂದ ಬಂತು?

ಬ್ರೆಡ್ ಬಿಡಿಸಿ, ಹೊಸಕೋಟೆ ಕಡೆಯಿಂದ ರಾಗಿಹುಲ್ಲು ತರಿಸಿದೆವು. ಕೆಲವೇ ವಾರಗಳಲ್ಲಿ ಜಿಡ್ಡು ಮೊದಲಿನಂತಾಯಿತು. ನಾಳೆಯಿಂದ ಹಾಲು ತರಲಿ ಎಂದು ಕಾರ್ಯದರ್ಶಿ ಹೇಳಿಕಳಿಸಿದ. ಮುನಿಯಮ್ಮ ಹೋಗಲಿಲ್ಲ.

"ಗೆದ್ರಲ್ಲ, ಇನ್ನೇನು?" ಎಂದೆ.

"ಗೆದ್ದಿದ್ದು ಹಸು ಡಾಕ್ಟ್ರೇ. ನನ್ ಮರ್ಯಾದೆ ಇನ್ನೂ ಆ ಕ್ಯೂನಲ್ಲೇ ಬಿದ್ದೈತೆ."

ನನಗೆ ನಾಚಿಕೆಯಾಯಿತು. ನಾನೂ ಬರುತ್ತೇನೆಂದು ಹೇಳಿ ಮರುದಿನ ಅವರ ಜೊತೆ ಸೊಸೈಟಿಗೆ ಹೋದೆ. ಸರದಿ ಬಂದಾಗ ಮುನಿಯಮ್ಮ ಕ್ಯಾನಿನ ಮುಚ್ಚಳದ ಮೇಲೆ ಕೈಯಿಟ್ಟು ನಿಂತರು. "ಇಲ್ಲೇ ಎಲ್ಲಾರ ಮುಂದೆ ಕಳ್ಳಿ ಅಂದೆ. ಇಲ್ಲೇ ಎಲ್ಲಾರ ಮುಂದೆ ಅಲ್ಲ ಅನ್ನು. ಆಮೇಲೆ ಹಾಲು."

ಹಿಂದೆ ನಿಂತ ಒಬ್ಬರೂ ಅವಸರ ಮಾಡಲಿಲ್ಲ. ಕಾರ್ಯದರ್ಶಿ ನನ್ನತ್ತ ನೋಡಿದ, ನಾನು ಕದಲಲಿಲ್ಲ. ಕೊನೆಗೆ ಎಲ್ಲರಿಗೂ ಕೇಳುವಂತೆ ಹೇಳಿದ: "ಮುನಿಯಮ್ಮ ಕಳ್ಳಿ ಅಲ್ಲ. ತಪ್ಪು ನಂದು."

ಕಾರಣ ಕಂಡುಹಿಡಿದರೆ ವೈದ್ಯೆಯ ಕೆಲಸ ಮುಗಿಯಿತೆಂದು ಅಲ್ಲಿಯವರೆಗೂ ನಂಬಿದ್ದೆ. ಆರೋಪ ಹೊರಟ ಬಾಯಿಂದಲೇ ಅದು ವಾಪಸಾಗುವವರೆಗೆ ಪಕ್ಕದಲ್ಲಿ ನಿಲ್ಲುವುದೂ ಚಿಕಿತ್ಸೆಯೇ ಎಂದು ಆ ಕ್ಯೂ ನನಗೆ ಕಲಿಸಿತು.